ಫೇಲ್ ಇಲ್ಲದ ಪರೀಕ್ಷೆ: ಕೇಂಬ್ರಿಜ್ ಸ್ಟಾರ್ಟರ್ಸ್

ಎರಡನೇ ಕ್ಲಾಸಿನ ಮಗಳಿಗೆ ಕೇಂಬ್ರಿಜ್‌ನ ಪ್ರೀ ಎ1 ಸ್ಟಾರ್ಟರ್ಸ್ ಬರೆಸಿದೆವು. ಇದು ಚಿಕ್ಕ ಮಕ್ಕಳ ಇಂಗ್ಲಿಷ್ ಪರೀಕ್ಷೆ, ಮೊದಲ ಹಂತದ್ದು. ಇಷ್ಟು ಚಿಕ್ಕ ಮಕ್ಕಳಿಗೆ ಇನ್ನೊಂದು ಪರೀಕ್ಷೆ ಯಾಕೆ ಅಂತ ನಮ್ಮತ್ತೆ ಗೊಣಗಿದ್ದರು. ಆದರೆ ಇಲ್ಲಿ ಪಾಸು-ಫೇಲು ಅನ್ನೋದೇ ಇಲ್ಲ. ಕೇಳುವುದು, ಓದಿ ಬರೆಯುವುದು, ಮಾತಾಡುವುದು, ಪ್ರತಿಯೊಂದಕ್ಕೂ ಹೆಚ್ಚೆಂದರೆ 5 ಶೀಲ್ಡ್ (ಅಂಕದ ಬದಲು ಕೊಡುವ ಗುರಾಣಿ ಗುರುತು). ಒಟ್ಟು 15. ರ‍್ಯಾಂಕ್ ಗಲಾಟೆ ಇಲ್ಲ.

ನನಗೆ ಇಷ್ಟವಾಗಿದ್ದು ಕೇಳುವ ಭಾಗ. ರೆಕಾರ್ಡಿಂಗ್ ಎರಡು ಸಲ ಹಾಕುತ್ತಾರೆ. ಕೊನೆಯಲ್ಲಿ, ಹೇಳಿದ ವಸ್ತುವಿಗೆ ಹೇಳಿದ ಬಣ್ಣ ಹಚ್ಚಬೇಕು. ಬಾಯಿಪಾಠ ಇಲ್ಲಿ ಕೆಲಸಕ್ಕೆ ಬರಲ್ಲ, ಅರ್ಥವಾಗಿರಬೇಕು ಅಷ್ಟೇ. ಮಾತಿನ ಪರೀಕ್ಷೆ ಮೂರರಿಂದ ಐದು ನಿಮಿಷ. ಪರೀಕ್ಷಕರ ಎದುರು ಮಗು ಒಂದೇ ಕೂತು, ಚಿತ್ರದ ಮೇಲೆ ಪುಟ್ಟ ಕಾರ್ಡ್ ಇಡುತ್ತಾ ಉತ್ತರ ಹೇಳುತ್ತದೆ. ಮನೆಯಲ್ಲಿ ಬಾಯಿ ಮುಚ್ಚದ ನಮ್ಮವಳು ಅಲ್ಲಿ ಒಂದೊಂದೇ ಪದ ಹೇಳಿದಳಂತೆ. ಪರವಾಗಿಲ್ಲ, ಈ ಹಂತದಲ್ಲಿ ಅದು ನಡೆಯುತ್ತದೆ.

ಸಿಟ್ಟು ಬಂದಿದ್ದು ಟ್ಯೂಷನ್‌ನವರ ಮೇಲೆ. ಮಾದರಿ ಪ್ರಶ್ನೆಪತ್ರಿಕೆ, ಪದಗಳ ಪಟ್ಟಿ ಎಲ್ಲ ಕೇಂಬ್ರಿಜ್ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತವೆ. ಅದನ್ನೇ ಜೆರಾಕ್ಸ್ ಮಾಡಿ, ಸ್ಪೈರಲ್ ಹಾಕಿ, ‘ಕಿಟ್’ ಅಂತ ನಮಗೆ ಮಾರಿದರು! ಪರೀಕ್ಷೆ ಶುಲ್ಕವೂ ಎಲ್ಲ ಕಡೆ ಒಂದೇ ಅಲ್ಲ, ಪರೀಕ್ಷಾ ಕೇಂದ್ರದವರನ್ನೇ ಕೇಳಿ.

ಸುಮ್ನೆ ಗೋಡೆಗೆ ಹಾಕೋಕೆ ಸರ್ಟಿಫಿಕೇಟ್ ಬೇಕು ಅಂತಿದ್ದರೆ ದುಡ್ಡು ದಂಡ. ಮಗು ಇಂಗ್ಲಿಷ್ ಕೇಳಿದರೆ ಹೆದರುತ್ತದೆ ಅಂದರೆ ಖಂಡಿತ ಬರೆಸಿ. ಮುಂದಿನ ಹಂತದ ಪರೀಕ್ಷೆ ಮೂವರ್ಸ್, ಆಮೇಲೆ ಫ್ಲೈಯರ್ಸ್. ನಾವು ಮೂವರ್ಸ್ ಅನ್ನು ನಾಲ್ಕನೇ ಕ್ಲಾಸಿಗೆ ಇಟ್ಟುಕೊಂಡಿದ್ದೇವೆ, ಈ ಸಲ ಟ್ಯೂಷನ್ ಇಲ್ಲದೆ.