ಕ್ಯಾಲಿಫೋರ್ನಿಯಾದಲ್ಲಿ ಸೈಟು, ಮನೆ ಇರುವವರೇ, ಹುಲ್ಲಿನ ನೋಟೀಸ್ ಬಗ್ಗೆ ಎಚ್ಚರ

ಕಳೆದ ವರ್ಷ ಮೇ ತಿಂಗಳ ಒಂದು ಭಾನುವಾರ ನಮ್ಮ ಸೈಟಿಗೆ ಹೋದರೆ, ಅಲ್ಲಿ ಉತ್ತ ಹೊಲ ಇತ್ತು. ಹುಲ್ಲಿಲ್ಲ. ನಾಲ್ಕು ದಾಳಿಂಬೆ ಗಿಡ, ಎರಡು ಅಂಜೂರ, ಯಾವುದೂ ಇಲ್ಲ. ಮಣ್ಣಿನ ಹೆಂಟೆಗಳ ನಡುವೆ ಕಡ್ಡಿಗಳು ಸಿಕ್ಕವು. ದಾಳಿಂಬೆ ಗಿಡಗಳನ್ನು ನಮ್ಮ ಅಮ್ಮ ಊರಿನಿಂದ ಬಂದಿದ್ದಾಗ ನೆಟ್ಟಿದ್ದರು. ನೀರಿನ ಕನೆಕ್ಷನ್ ಇಲ್ಲದ ಜಾಗ. ಮೂರು ವರ್ಷ ಕ್ಯಾನುಗಳಲ್ಲಿ ನೀರು ಹೊತ್ತು ಬೆಳೆಸಿದ ಗಿಡಗಳು. ಯಾರೋ ದುರುದ್ದೇಶದಿಂದ ಮಾಡಿದ್ದಾರೆ ಎಂದುಕೊಂಡು ಗಂಡ ಪೊಲೀಸರಿಗೆ ಫೋನ್ ಮಾಡಲು ಹೊರಟಿದ್ದರು. ಪಕ್ಕದ ಮನೆಯವರು ಬಂದು, ಕೌಂಟಿಯ (ಇಲ್ಲಿನ ಜಿಲ್ಲಾಡಳಿತದ) ಕಾಂಟ್ರಾಕ್ಟರ್ ಟ್ರ್ಯಾಕ್ಟರ್ ತಂದು ಡಿಸ್ಕ್ ನೇಗಿಲು ಹೊಡೆದು ಹೋದರು ಎಂದರು.

ಅಕ್ಟೋಬರಿನಲ್ಲಿ ಪ್ರಾಪರ್ಟಿ ಟ್ಯಾಕ್ಸ್ ಬಿಲ್ ಬಂತು. ಮಾಮೂಲಿ ತೆರಿಗೆಯ ಕೆಳಗೆ ಹೊಸ ಸಾಲು: ವೀಡ್ ಅಬೇಟ್‌ಮೆಂಟ್, ಅಂದರೆ ಬೆಂಕಿ ಹತ್ತದಂತೆ ಹುಲ್ಲು, ಕಳೆ ತೆಗೆಸಿದ ಖರ್ಚು, 1,840 ಡಾಲರ್. ಅದರಲ್ಲಿ ಟ್ರ್ಯಾಕ್ಟರ್ ಕೆಲಸದ ಖರ್ಚು ಅರ್ಧಕ್ಕಿಂತ ಕಡಿಮೆ. ಮಿಕ್ಕದ್ದೆಲ್ಲ ಇನ್‌ಸ್ಪೆಕ್ಷನ್ ಶುಲ್ಕ, ಆಡಳಿತ ಶುಲ್ಕ. ನಾವೇ ಆಳು ಹಿಡಿದು ಕತ್ತರಿಸಿದ್ದರೆ 350 ಡಾಲರಿಗೆ ಮುಗಿಯುತ್ತಿತ್ತು. ಈ ವರ್ಷ ಅಷ್ಟೇ ಕೊಟ್ಟೆವು.

ನೋಟೀಸೇ ಕೊಡದೆ ಹೀಗೆ ಮಾಡಬಹುದಾ ಎಂದು ಕೇಳಬಹುದು. ನೋಟೀಸು ಕೊಟ್ಟಿದ್ದರು. ನಮಗೆ ತಲುಪಲಿಲ್ಲ. ಎಲ್ಲರೂ ಗಮನಿಸಬೇಕಾದ್ದು ಇದೇ.

ಸೈಟು ಕೊಂಡಾಗ ನಾವು ಫ್ರೀಮಾಂಟಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಆಮೇಲೆ ಒಂದು ಜನವರಿಯಲ್ಲಿ ಟ್ರೇಸಿಗೆ ಮನೆ ಬದಲಾಯಿಸಿದೆವು. ಬ್ಯಾಂಕು, ಡ್ರೈವಿಂಗ್ ಲೈಸೆನ್ಸ್, ಆಫೀಸು, ಎಲ್ಲ ಕಡೆ ಹೊಸ ವಿಳಾಸ ಕೊಟ್ಟೆವು. ಅಂಚೆ ಕಚೇರಿಗೂ ಹೇಳಿದೆವು. ಆ ವರ್ಷದ ಟ್ಯಾಕ್ಸ್ ಬಿಲ್ ಹಳೆಯ ವಿಳಾಸದಿಂದ ಫಾರ್ವರ್ಡ್ ಆಗಿ ಬಂತು. ಹಾಗಾಗಿ ಎಲ್ಲ ಸರಿಯಿದೆ ಅಂದುಕೊಂಡೆವು. ಆದರೆ ಅಂಚೆಯವರು ಹಾಗೆ ಕಳಿಸುವುದು 12 ತಿಂಗಳು ಮಾತ್ರ. ಅದು ಮುಗಿದದ್ದು ಜನವರಿಯಲ್ಲಿ. ಹುಲ್ಲಿನ ನೋಟೀಸು ಹೊರಟದ್ದು ಫೆಬ್ರವರಿಯಲ್ಲಿ. ಜಾಗದ ದಾಖಲೆ ಇರುವುದು ಕೌಂಟಿಯ ಅಸೆಸರ್ ಆಫೀಸಿನಲ್ಲಿ, ಅಂದರೆ ತೆರಿಗೆಗಾಗಿ ಆಸ್ತಿಗೆ ಬೆಲೆ ಕಟ್ಟುವ ಕಚೇರಿಯಲ್ಲಿ. ಅಲ್ಲಿ ವಿಳಾಸ ಬದಲಾಯಿಸಬೇಕು ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಯಾವ ಇಲಾಖೆ ನೋಟೀಸು ಕಳಿಸಿದರೂ ಆ ದಾಖಲೆಯ ವಿಳಾಸಕ್ಕೇ ಕಳಿಸುತ್ತದೆ.

ಆ ನೋಟೀಸಿನ ಪ್ರತಿಯನ್ನು ಆಮೇಲೆ ತರಿಸಿಕೊಂಡು ಓದಿದೆ. ಹುಲ್ಲು ತೆಗೆಯಲು ಏಪ್ರಿಲ್ 15 ಕೊನೆಯ ದಿನ ಎಂದಿತ್ತು. ನಾವೇ ತೆಗೆಯುತ್ತೇವೆ ಎಂದು ಟಿಕ್ ಮಾಡಿ ಕಳಿಸಲು ಒಂದು ಫಾರಂ ಇತ್ತು. ಆಕ್ಷೇಪ ಇದ್ದರೆ ಬಂದು ಹೇಳಿ ಎಂದು ವಿಚಾರಣೆಯ ದಿನವೂ ಇತ್ತು. ಎಲ್ಲ ದಿನಗಳೂ ನಮಗೆ ತಿಳಿಯದೆ ದಾಟಿಹೋಗಿದ್ದವು. ರಾಜ್ಯದ ಕಾನೂನು ಇಲ್ಲಿ ಸ್ಪಷ್ಟವಾಗಿದೆ. ಒಣಹುಲ್ಲನ್ನು ಸಾರ್ವಜನಿಕರಿಗೆ ಅಪಾಯ ಎಂದು ಘೋಷಿಸಿ, ನೋಟೀಸು ಕೊಟ್ಟು, ಆಕ್ಷೇಪ ಕೇಳಿ, ಆಮೇಲೂ ಮಾಲೀಕರು ತೆಗೆಯದಿದ್ದರೆ ಕೌಂಟಿಯವರೇ ತೆಗೆಸಿ ಖರ್ಚನ್ನು ಆ ಜಾಗದ ಮೇಲೆ ಹಾಕಬಹುದು. ಅದು ತೆರಿಗೆಯ ಜೊತೆಗೇ ವಸೂಲಾಗುತ್ತದೆ. ಮೊದಲ ಕಂತು ಡಿಸೆಂಬರ್ 10 ದಾಟಿದರೆ 10% ದಂಡ. ಜಗಳ ಆಡುತ್ತಾ ಕೂತರೆ ಅದೂ ಸೇರಿಕೊಳ್ಳುತ್ತದೆ. ಬಿಲ್ ಪೂರ್ತಿ ಕಟ್ಟಿ, ಆಮೇಲೆ ಅರ್ಜಿ ಕೊಟ್ಟೆವು. ನೋಟೀಸು ದಾಖಲೆಯ ವಿಳಾಸಕ್ಕೆ ಹೋಗಿದೆ, ಹಾಗಾಗಿ ಏನೂ ಮಾಡಲಾಗದು ಎಂದು ಉತ್ತರ ಬಂತು. ಗಿಡಗಳ ಬಗ್ಗೆ ಒಂದು ಮಾತೂ ಇರಲಿಲ್ಲ. ಅದು ನನಗೆ ಇವತ್ತಿಗೂ ನೋವು. ಹುಲ್ಲು ಬೇರೆ, ಸಾಲಾಗಿ ನೆಟ್ಟು ಪಾತಿ ಮಾಡಿದ ಗಿಡ ಬೇರೆ. ಟ್ರ್ಯಾಕ್ಟರಿನ ಮೇಲೆ ಕೂತವರಿಗೆ ಅದು ಕಾಣಬೇಕಿತ್ತು.

ನಾವು ಮಾಡಿದ ಇನ್ನೊಂದು ತಪ್ಪಿದೆ. ಇದು ಊರಿನಿಂದ ಬಂದ ಬೇರೆಯವರಿಗೂ ಆಗಬಹುದು. ನಾನು ತೀರ್ಥಹಳ್ಳಿ ಕಡೆಯವಳು. ನಮ್ಮಲ್ಲಿ ಮಳೆ ಬರುವುದು ಜೂನಿನಲ್ಲಿ. ಬ್ಯಾಣದ (ಹುಲ್ಲುಗಾವಲಿನ) ಹುಲ್ಲು ಒಣಗಿ ಬೆಂಕಿಯ ಭಯ ಶುರುವಾಗುವುದು ಶಿವರಾತ್ರಿಯ ಆಸುಪಾಸಿಗೆ. ಆಗ ಅಪ್ಪ ತೋಟದ ಅಂಚಿನಲ್ಲಿ ದರಗು (ಒಣ ಎಲೆ) ಗುಡಿಸಿ ಬೆಂಕಿ ಗೆರೆ ಮಾಡಿಸುತ್ತಿದ್ದರು. ಇಲ್ಲಿ ಎಲ್ಲ ತಿರುಗುಮುರುಗು. ಮಳೆ ಚಳಿಗಾಲದಲ್ಲಿ. ಶಿವರಾತ್ರಿಗೆ ಗುಡ್ಡ ಪೂರ್ತಿ ಹಸಿರು. ಮಾರ್ಚಿನಲ್ಲಿ ನಮ್ಮ ಸೈಟಿನಲ್ಲಿ ಮೊಣಕಾಲುದ್ದ ಹುಲ್ಲು, ನಡುವೆ ಕಾಡು ಸಾಸಿವೆಯ ಹಳದಿ ಹೂವು. ನಾವು ಅದರಲ್ಲಿ ನಿಂತು ಫೋಟೋ ತೆಗೆಸಿಕೊಂಡೆವು. ಇಷ್ಟು ಹಸಿ ಹುಲ್ಲಿಗೆ ಬೆಂಕಿ ಹತ್ತುತ್ತದೆ ಅಂತ ಯಾರಿಗೆ ಅನ್ನಿಸುತ್ತೆ, ಅಲ್ವಾ? ಆದರೆ ಮೇ ಹೊತ್ತಿಗೆ ಅದು ಒಣಗಿ ಬಂಗಾರದ ಬಣ್ಣಕ್ಕೆ ಬಂದಿರುತ್ತದೆ. ಮತ್ತೆ ಮಳೆ ಕಾಣಲು ನಾಲ್ಕೈದು ತಿಂಗಳು ಬೇಕು. ಅದಕ್ಕೇ ಹಸಿರಿರುವಾಗಲೇ ಗಡುವು ಬರುತ್ತದೆ.

ನಿಯಮವೇ ತಪ್ಪು ಅಂತ ನಾನು ಹೇಳುತ್ತಿಲ್ಲ. 1991ರ ಅಕ್ಟೋಬರಿನಲ್ಲಿ ಓಕ್ಲೆಂಡ್ ಗುಡ್ಡಗಳಲ್ಲಿ 25 ಜನರನ್ನು ಬಲಿ ತೆಗೆದುಕೊಂಡ ಬೆಂಕಿ ಮೊದಲ ದಿನ ಸಣ್ಣ ಹುಲ್ಲಿನ ಬೆಂಕಿಯಾಗಿತ್ತು. ಆರಿತು ಅಂದುಕೊಂಡಿದ್ದರು. ಮರುದಿನ ಗಾಳಿಗೆ ಮತ್ತೆ ಎದ್ದಿತು. 2018ರ ನವೆಂಬರಿನಲ್ಲಿ ಕ್ಯಾಂಪ್ ಫೈರ್ ಎಂಬ ಹೆಸರಿನ ಕಾಡ್ಗಿಚ್ಚಿನಲ್ಲಿ ಪ್ಯಾರಡೈಸ್ ಊರೇ ಸುಟ್ಟು, 85 ಜನ ಸತ್ತರು. ನಮ್ಮ ಸೈಟಿನ ಎರಡು ಪಕ್ಕದಲ್ಲೂ ಮನೆಗಳಿವೆ, ಮಕ್ಕಳಿದ್ದಾರೆ. ಹುಲ್ಲು ತೆಗೆಯಲೇಬೇಕು. ನಾವೇ ಸಮಯಕ್ಕೆ ಸರಿಯಾಗಿ ತೆಗೆದಿದ್ದರೆ ಗಿಡ ಉಳಿಯುತ್ತಿತ್ತು, ದುಡ್ಡೂ ಉಳಿಯುತ್ತಿತ್ತು.

ಇವತ್ತೇ ಒಂದು ಕೆಲಸ ಮಾಡಿ. ಅಸೆಸರ್ ಆಫೀಸಿನಲ್ಲಿ ನಿಮ್ಮ ಜಾಗದ ಪಾರ್ಸೆಲ್ ನಂಬರಿನ (ಜಾಗದ ಗುರುತಿನ ಸಂಖ್ಯೆಯ) ಎದುರು ಯಾವ ಅಂಚೆ ವಿಳಾಸ ಇದೆ ನೋಡಿ. ಮನೆ ಬಾಡಿಗೆಗೆ ಕೊಟ್ಟು ಬೆಂಗಳೂರಿಗೆ ವಾಪಸ್ ಹೋದವರು ಮುಖ್ಯವಾಗಿ ನೋಡಬೇಕು. ಬಾಡಿಗೆಯವರು ಹುಲ್ಲು ಬಿಟ್ಟರೂ ಬಿಲ್ ಬರುವುದು ಮಾಲೀಕರಿಗೇ. ನೋಟೀಸು ಬಂದರೆ ಜಾಹೀರಾತು ಅಂತ ಎಸೆಯಬೇಡಿ. ಅದು ಸಾದಾ ಲಕೋಟೆಯಲ್ಲೇ ಬರುತ್ತದೆ. ಖಾಲಿ ಸೈಟಿಗೆ ಒಂದೊಂದು ಕಡೆ ಒಂದೊಂದು ನಿಯಮ. ಕೆಲವೆಡೆ ಪೂರ್ತಿ ಕತ್ತರಿಸಬೇಕು, ಕೆಲವೆಡೆ ಅಂಚಿನಲ್ಲಿ ಅಗಲವಾದ ಪಟ್ಟಿ ತೆಗೆದರೆ ಸಾಕು. ಫೋನ್ ಮಾಡಿ ಕೇಳಿಕೊಳ್ಳಿ.

ಕತ್ತರಿಸುವಾಗಲೂ ಹುಷಾರು. ಬೆಳಿಗ್ಗೆ 10ರ ಒಳಗೆ ಮುಗಿಸಿ. ಗಾಳಿ ಇದ್ದರೆ ಬೇಡವೇ ಬೇಡ. ಮೋವರ್‌ನ ಕಬ್ಬಿಣದ ಬ್ಲೇಡ್ ಕಲ್ಲಿಗೆ ತಾಗಿದರೆ ಕಿಡಿ ಹಾರುತ್ತದೆ. ಒಣಹುಲ್ಲಿಗೆ ಅಷ್ಟು ಸಾಕು. ಕಲ್ಲಿರುವ ಕಡೆ ದಾರದ ಟ್ರಿಮ್ಮರ್ ವಾಸಿ. ಕೆಲಸಕ್ಕೆ ಮುಂಚೆ, ಆದಮೇಲೆ, ಎರಡೂ ಸಲ ಫೋಟೋ ತೆಗೆದಿಡಿ. ಗಿಡಗಳಿದ್ದರೆ ಸುತ್ತ ಕೋಲು ನೆಟ್ಟು ಕೆಂಪು ಪಟ್ಟಿ ಕಟ್ಟಿ.

ಇದನ್ನು ಬರೆಯುವ ಮುಂಚೆ ಬಸವನಗುಡಿಯಲ್ಲಿರುವ ಗೆಳತಿಗೆ ಫೋನ್ ಮಾಡಿದೆ. ಅವಳ ಮನೆ ಇಲ್ಲಿ ಬಾಡಿಗೆಗಿದೆ. ದಾಖಲೆಯಲ್ಲಿ ಇನ್ನೂ ಅವಳು 2016ರಲ್ಲಿ ಬಿಟ್ಟ ಅಪಾರ್ಟ್‌ಮೆಂಟಿನ ವಿಳಾಸವೇ ಇತ್ತು. ಅವತ್ತು ರಾತ್ರಿಯೇ ಬದಲಾವಣೆಯ ಫಾರಂ ತುಂಬಿ ಕಳಿಸಿದಳು.