ಓಡುವ ಟಿಪ್ಪರ್ ಕಟ್ಟಲು ಯಾವುದು ವಾಸಿ: ಕಬ್ಬಿಣದ ಪಟ್ಟಿ, ಅಗ್ಗದ ನಕಲು, ಹಳೇ ಲೆಗೊ ಟೆಕ್ನಿಕ್

ಮೊದಲೇ ಹೇಳಿಬಿಡುತ್ತೇನೆ, ನಾನು ಲೆಗೊ ಟೆಕ್ನಿಕ್ ಪಾರ್ಟಿ, ಅಂದರೆ ಗೇರು, ಆಕ್ಸಲ್ ಹಾಕಿ ಓಡುವ ಗಾಡಿ ಕಟ್ಟುವ ಲೆಗೊ ಕಂಪನಿಯ ಪ್ಲಾಸ್ಟಿಕ್ ಸೆಟ್‌ನ ಕಡೆಯವನು. ಅದೂ ಹೊಸ ಪೆಟ್ಟಿಗೆಯಲ್ಲ. ಬೆಂಗಳೂರಿನಲ್ಲಿ ಯಾರದೋ ಮಗ ದೊಡ್ಡವನಾಗಿ ಬಿಟ್ಟುಹಾಕಿದ ಸೆಕೆಂಡ್ ಹ್ಯಾಂಡ್ ಡಬ್ಬ. ಅದು ಕೈಗೆ ಬರುವ ಮೊದಲು ಇನ್ನೆರಡು ಕಡೆ ದುಡ್ಡು ಹಾಕಿದ್ದೆ. ಒಂದು, ಕಬ್ಬಿಣದ ಪಟ್ಟಿಗಳಿಗೆ ನಟ್ಟು ಬೋಲ್ಟು ಬಿಗಿಯುವ ಸೆಟ್. ಇನ್ನೊಂದು, ನೋಡೋಕೆ ಟೆಕ್ನಿಕ್ ಥರಾನೇ ಇರುವ, ಬೆಲೆ ಮಾತ್ರ ತುಂಬಾ ಕಡಿಮೆ ಇರುವ ನಕಲು. ಮೂರರಲ್ಲೂ ಕಟ್ಟಲು ಹೊರಟದ್ದು ಒಂದೇ ಗಾಡಿ: ಟಿಪ್ಪರ್.

ಟಿಪ್ಪರ್ ಯಾಕೆ ಅಂತ ದಾವಣಗೆರೆ, ಚಿತ್ರದುರ್ಗದ ಕಡೆಯವರಿಗೆ ಹೇಳಬೇಕಿಲ್ಲ. ಹೈವೇ ಪಕ್ಕ ಹತ್ತು ನಿಮಿಷ ನಿಂತರೆ ಸಾಕು. ಅಕ್ಕನ ಮಗನಿಗೆ ಕಾರು, ಬಸ್ಸು ಏನೂ ಬೇಡ. "ಮಾಮ, ಡಬ್ಬಿ ಎತ್ತಬೇಕು, ಸ್ಟೇರಿಂಗ್ ತಿರುಗಬೇಕು" ಅಂದ. ಹಿಂದೆ ಡಿಫರೆನ್ಷಿಯಲ್ (ತಿರುವಿನಲ್ಲಿ ಹಿಂದಿನ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ಇರಲೇಬೇಕು ಅನ್ನೋದು ನನ್ನ ಹಟ. ಪುಸ್ತಕ ನೋಡಿ ಜೋಡಿಸುವುದಲ್ಲ, ನಮ್ಮದೇ ಡಿಸೈನ್. ಎಷ್ಟು ಪೀಸು, ಎಷ್ಟು ವಯಸ್ಸಿನವರಿಗೆ ಅನ್ನೋದೆಲ್ಲ ಡಬ್ಬದ ಮೇಲೇ ಇರುತ್ತದೆ, ಅದನ್ನು ಬಿಡಿ.

ಕಬ್ಬಿಣದ ಸೆಟ್ ಭಾವನಿಗೆ ಇಷ್ಟ. ಅವರು ಲಾರಿ ಗ್ಯಾರೇಜಿನವರು. ಕೈಯಲ್ಲಿ ಹಿಡಿದು ತೂಕ ನೋಡಿ, "ಇದು ಗಾಡಿ ಕಣೋ, ಅದೆಲ್ಲಾ ಪ್ಲಾಸ್ಟಿಕ್ಕು" ಅಂತ ತೀರ್ಪು ಕೊಟ್ಟರು. ಈ ಐಡಿಯಾಗೆ ನೂರು ವರ್ಷದ ಮೇಲಾಯಿತು. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ 1901ರಲ್ಲಿ ಪೇಟೆಂಟ್ ಪಡೆದದ್ದು, ಮೆಕ್ಯಾನೊ ಅನ್ನೋ ಹೆಸರು ಬಂದದ್ದು 1907ರಲ್ಲಿ. ತೂತಿನಿಂದ ತೂತಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ನಾನು ತಂದದ್ದು ಮೆಕ್ಯಾನೊ ಅಲ್ಲ, ಅದೇ ಜಾತಿಯ ಅಗ್ಗದ್ದು.

ಚಾಸಿ ಮಟ್ಟಿಗೆ ಭಾವ ಹೇಳಿದ್ದು ನಿಜ. ಎರಡು ಉದ್ದ ಪಟ್ಟಿ, ನಡುವೆ ಅಡ್ಡಪಟ್ಟಿ, ಮೂಲೆಗೊಂದು ಬೋಲ್ಟು. ಹಿಂಡಿದರೂ ಜಗ್ಗುವುದಿಲ್ಲ. ಸ್ಟೇರಿಂಗ್ ಕೂಡ ಮೂರರಲ್ಲಿ ಚೆನ್ನಾಗಿ ಬಂದದ್ದು ಇದರಲ್ಲೇ. ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಸ್ವಲ್ಪ ಜಾಸ್ತಿ ತಿರುಗಬೇಕು. ಇಲ್ಲದಿದ್ದರೆ ಟಯರ್ ಉಜ್ಜುತ್ತದೆ. ರುಡಾಲ್ಫ್ ಆಕರ್‌ಮನ್ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಮಾಡಿಸಿದ ಉಪಾಯ ಇದು, ಆಗಿನ್ನೂ ಕುದುರೆ ಗಾಡಿಗೆ. ಅದಕ್ಕೆ ಚಕ್ರದ ತೋಳುಗಳು ಹಿಂದಿನ ಆಕ್ಸಲ್‌ನ ಮಧ್ಯಕ್ಕೆ ಮುಖ ಮಾಡಿ ಓರೆಯಾಗಿರಬೇಕು. ಲೋಹದ ಪಟ್ಟಿಯನ್ನು ಬೇಕಾದ ಓರೆಗೆ ತಿರುಗಿಸಿ ಬಿಗಿದರೆ ಆಯಿತು. ಕೀಲಿನಲ್ಲಿ ನಟ್ಟು ಬಿಗಿದರೆ ತಿರುಗಲ್ಲ, ಸಡಿಲ ಬಿಟ್ಟರೆ ಕಳಚಿ ಬೀಳುತ್ತದೆ. ಅದಕ್ಕೆ ಭಾವ ಮಾಡಿದ್ದು ಗ್ಯಾರೇಜಿನ ಮದ್ದು: ಮೊದಲ ನಟ್ಟು ಸಡಿಲ, ಅದರ ಮೇಲೊಂದು ಚೆಕ್ ನಟ್ ಬಿಗಿ. ಇವತ್ತಿಗೂ ಅಲ್ಲಾಡಿಲ್ಲ.

ಕೈಕೊಟ್ಟದ್ದು ಹಿಂದಿನ ಭಾಗ. ಈ ಪೆಟ್ಟಿಗೆಯಲ್ಲಿ ಗೇರೇ ಇರಲಿಲ್ಲ, ಗಾಲಿ ಮತ್ತು ರಾಟೆ ಅಷ್ಟೇ. ಆಕ್ಸಲ್ ದುಂಡಗಿನ ಸರಳು, ಅದಕ್ಕೆ ಗಾಲಿಯನ್ನು ಪುಟ್ಟ ಸ್ಕ್ರೂನಿಂದ ಒತ್ತಿ ಹಿಡಿಸಬೇಕು. ಸ್ವಲ್ಪ ಭಾರ ಬಿದ್ದರೆ ಸರಳು ಒಳಗೇ ಜಾರುತ್ತದೆ. ಡಿಫರೆನ್ಷಿಯಲ್ ಬದಲು ಒಂದು ಗಾಲಿ ಬಿಗಿ, ಇನ್ನೊಂದು ಸಡಿಲ ಬಿಟ್ಟೆ. ಓಡುತ್ತದೆ, ಆದರೆ ನನಗೆ ಬೇಕಾದದ್ದು ಅದಲ್ಲ. ಡಬ್ಬಿ ಎತ್ತಲು ದಾರ ಸುತ್ತುವ ಹಿಡಿಕೆ ಮಾಡಿದ್ದಾಯಿತು. ಕೈಬಿಟ್ಟರೆ ಬಾವಿಯ ಗಡಗಡಿ ಹಾಗೆ ಸರ್ರಂತ ಬಿಚ್ಚಿಕೊಂಡು ಡಬ್ಬಿ ಧಡ್ಡನೆ ಕೂರುತ್ತಿತ್ತು.

ಈಗ ನಕಲು ಸೆಟ್. ನನ್ನ ತಾಳ್ಮೆ ಪೂರ್ತಿ ಖರ್ಚಾದದ್ದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲ ನೋಟಕ್ಕೆ ಎಲ್ಲ ಇದೆ. ಬೀಮು (ಸಾಲಾಗಿ ತೂತಿರುವ ಪಟ್ಟಿ), ಪಿನ್ನು, ಕೂಡಿಸುವ ಗುರುತಿನ (+) ಆಕಾರದ ಆಕ್ಸಲ್, ಡಿಫರೆನ್ಷಿಯಲ್‌ನ ಹೊರಕವಚ, ಒಳಗೆ ಹಾಕಲು ಮೂರು ಪುಟ್ಟ ಬೆವೆಲ್ ಗೇರು (ಓರೆ ಹಲ್ಲಿನವು). ಒಂದು ಸಂಜೆಗೆ ಗಾಡಿ ಎದ್ದು ನಿಂತಿತು. ತಳ್ಳಿದರೆ ಮಾತ್ರ ಎಳೆದಂಗೆ ಹೋಗುತ್ತದೆ, ತಿರುವಿನಲ್ಲಿ ಹಿಂದಿನ ಚಕ್ರ ಜಾರುತ್ತದೆ.

ಡಿಫರೆನ್ಷಿಯಲ್ ಸರಿ ಇದೆಯಾ ಅಂತ ನೋಡಲು ಸುಲಭದ ಪರೀಕ್ಷೆ ಇದೆ. ಹಿಂಭಾಗ ಎತ್ತಿ, ನಡುವಿನ ಶಾಫ್ಟ್ ಬಿಗಿಯಾಗಿ ಹಿಡಿದು, ಒಂದು ಚಕ್ರ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಬೇಕು. ನನ್ನದು ಅರ್ಧ ಸುತ್ತು ತಿರುಗಿ ಹಿಡಿದುಕೊಳ್ಳುತ್ತಿತ್ತು. ಒಳಗಿನ ಬೆವೆಲ್ ಗೇರಿನ ಮೇಲೆ ಅನುಮಾನ ಬಂತು. ಬಿಚ್ಚಿ ನೋಡಿದರೆ ಅವು ಸರಿಯಾಗೇ ಇವೆ. ಬುಷ್ (ಆಕ್ಸಲ್ ಪಕ್ಕಕ್ಕೆ ಜಾರದಂತೆ ತಡೆಯುವ ಪುಟ್ಟ ಬಳೆ) ಬೀಮಿಗೆ ಒತ್ತಿಕೊಂಡಿರಬಹುದು ಅಂತ ಕಾಗದದ ದಪ್ಪದಷ್ಟು ಸಂದಿ ಬಿಟ್ಟೆ. ಸ್ವಲ್ಪ ಹಗುರಾಯಿತು, ಅಷ್ಟೇ.

ಆಮೇಲೆ ಆಕ್ಸಲ್ ಒಂದನ್ನೇ ಹೊರಗೆ ತೆಗೆದು ಒಂದೊಂದು ಬೀಮಿನಲ್ಲಿ ತೂರಿಸಿದೆ. ಬೆರಳಲ್ಲಿ ಚಿಮ್ಮಿದರೆ ಗಿರಗಿರ ತಿರುಗುತ್ತದೆ. ಎರಡು ಬೀಮಿನಲ್ಲಿ ಒಟ್ಟಿಗೆ ತೂರಿಸಿದರೆ ಬಿಗಿ. ಮೂರನೆಯದನ್ನೂ ಸೇರಿಸಿದರೆ ನಿಂತೇಹೋಗುತ್ತದೆ. ಉದ್ದದ ಬೀಮನ್ನು ಗೋಡೆಯ ಕನ್ನಡಿ ಇಳಿಸಿ ಅದರ ಮೇಲೆ ಮಲಗಿಸಿದಾಗ ಕಳ್ಳ ಸಿಕ್ಕಿದ. ಎರಡು ತುದಿ ಕನ್ನಡಿಗೆ ತಾಗಿದೆ, ನಡುವೆ ಉಗುರಿನ ತುದಿ ತೂರುವಷ್ಟು ಸಂದಿ. ಅಚ್ಚಿನಿಂದ ಬಂದ ಪ್ಲಾಸ್ಟಿಕ್ ಒಂದು ಕಡೆ ಬೇಗ, ಇನ್ನೊಂದು ಕಡೆ ನಿಧಾನಕ್ಕೆ ಆರಿದರೆ ಹೀಗೆ ಬಾಗುತ್ತದೆ. ಬಾಗಿದ ಬೀಮುಗಳನ್ನು ಪಿನ್ ಹಾಕಿ ಕಟ್ಟಿದಾಗ ತೂತುಗಳು ಒಂದೇ ಗೆರೆಯಲ್ಲಿ ಬರುವುದಿಲ್ಲ. ಅಲ್ಲಿ ಆಕ್ಸಲ್ ಉಜ್ಜುತ್ತದೆ. ಗಾಡಿಯಲ್ಲಿ ಹೀಗೆ ಉಜ್ಜುವ ಜಾಗ ಒಂದಲ್ಲ, ಪ್ರತಿ ಗೇರಿನ ಎರಡೂ ಕಡೆ.

ಉದ್ದ ಬೀಮು ತೆಗೆದು ಚಿಕ್ಕ ಚಿಕ್ಕ ಬೀಮುಗಳನ್ನು ಒಂದರ ಮೇಲೊಂದು ಹೊಂದಿಸಿ ಚಾಸಿ ಮಾಡಿದ ಮೇಲೆ ಅರ್ಧ ಕಾಯಿಲೆ ಹೋಯಿತು. ಉಳಿದರ್ಧ ಎಂಟು ಹಲ್ಲಿನ ಗೇರಿನಲ್ಲಿತ್ತು. ಒಂದು ಹಲ್ಲಿನ ಪಕ್ಕ ಅಚ್ಚಿನಿಂದ ಉಳಿದ ಪ್ಲಾಸ್ಟಿಕ್ ಗುಳ್ಳೆ, ಸಾಸಿವೆಗಿಂತ ಚಿಕ್ಕದು. ಸುತ್ತಿಗೊಮ್ಮೆ ಅದು ಎದುರಿನ ಗೇರಿಗೆ ಸಿಕ್ಕಿ ಟಕ್ ಅನ್ನುತ್ತಿತ್ತು. ಬ್ಲೇಡಿನಲ್ಲಿ ಹೆರೆದು ತೆಗೆದೆ.

ಪಿನ್ನಿಗೆ ಮಾತ್ರ ಮದ್ದು ಸಿಗಲಿಲ್ಲ. ಲೆಗೊದಲ್ಲಿ ಎರಡು ಥರದ ಪಿನ್ ಇವೆ. ಕಪ್ಪು ಪಿನ್ನಿಗೆ ಸಣ್ಣ ಏಣುಗಳಿವೆ, ಹಾಕಿದಲ್ಲಿ ಬಿಗಿಯಾಗಿ ಕೂರುತ್ತದೆ. ಬೂದು ಅಥವಾ ತಿಳಿ ಕಂದು ಪಿನ್ ನುಣುಪು, ಸಲೀಸಾಗಿ ತಿರುಗುತ್ತದೆ. ಚಾಸಿಗೆ ಕಪ್ಪು, ಸ್ಟೇರಿಂಗ್ ಕೀಲಿಗೆ ಬೂದು. ನಾನು ತಂದ ನಕಲಿನಲ್ಲಿ ಬಣ್ಣ ಎರಡಿದ್ದರೂ ಬಿಗಿ ಒಂದೇ. ಸ್ಟೇರಿಂಗ್ ತಿರುಗಿಸಿದರೆ ಅಲ್ಲೇ ನಿಲ್ಲುತ್ತದೆ, ವಾಪಸ್ ಬರಲ್ಲ. ಮರಳುಕಾಗದದಲ್ಲಿ ಉಜ್ಜಿದರೆ ಸಡಿಲವಾಗಿ ಉದುರುತ್ತದೆ. ಎರಡರ ನಡುವೆ ಅನ್ನೋದೇ ಇಲ್ಲ. ಅಕ್ಕ ನೋಡಿ, "ನಿನಗಿಂತ ಇವನೇ ಸಮಾಧಾನದಲ್ಲಿದ್ದಾನಲ್ಲೋ" ಅಂತ ಮಗನ ಕಡೆ ಕೈ ತೋರಿಸಿದಳು.

ಹಳೇ ಲೆಗೊ ಡಬ್ಬ ಬಂದ ಮೇಲೆ ಅದೇ ಡಿಸೈನಿನಲ್ಲಿ ಉದ್ದ ಬೀಮು, ಆಕ್ಸಲ್, ಗೇರು, ಪಿನ್ನು ಮಾತ್ರ ಬದಲಾಯಿಸಿದೆ. ಒಂದು ಬೆರಳಲ್ಲಿ ತಳ್ಳಿದರೆ ಹಾಲ್‌ನಿಂದ ಅಡುಗೆಮನೆ ಬಾಗಿಲವರೆಗೂ ಹೋಯಿತು. ಡಿಸೈನಿನಲ್ಲಿ ಏನೂ ತಪ್ಪಿರಲಿಲ್ಲ ಅಂತ ಆಗ ಗೊತ್ತಾಯಿತು.

ನನ್ನಂಥ ಲೆಕ್ಕದ ಮನುಷ್ಯನಿಗೆ ಟೆಕ್ನಿಕ್ ಹಿಡಿಸುವುದು ಇನ್ನೊಂದು ಕಾರಣಕ್ಕೆ. ತೂತಿನಿಂದ ತೂತಿಗೆ 8 ಮಿಲಿಮೀಟರ್. ಗೇರುಗಳಿಗೆ 8, 16, 24, 40 ಹಲ್ಲು. ಹಲ್ಲು ಎಷ್ಟೋ, ಗೇರು ಕಚ್ಚುವ ವೃತ್ತದ ವ್ಯಾಸ ಅಷ್ಟೇ ಮಿಲಿಮೀಟರ್. ಹಾಗಾಗಿ 8 ಮತ್ತು 24 ಹಲ್ಲಿನ ಗೇರು ಜೋಡಿಸಿದರೆ ನಡುವಿನ ದೂರ 16 ಮಿಲಿಮೀಟರ್, ಸರಿಯಾಗಿ ಎರಡು ತೂತು. 8 ಮತ್ತು 40 ಆದರೆ ಮೂರು ತೂತು. ಮೊದಲನೆಯದು ಮೂರು ಪಟ್ಟು ಬಲ, ಎರಡನೆಯದು ಐದು ಪಟ್ಟು. 16 ಮತ್ತು 24 ಹಾಕಿದರೆ ಎರಡೂವರೆ ತೂತು ಬರುತ್ತದೆ, ನೇರ ಬೀಮಿನಲ್ಲಿ ಕೂರಲ್ಲ. ಇಷ್ಟು ಗೊತ್ತಿದ್ದರೆ ಗೇರ್‌ಬಾಕ್ಸನ್ನು ಕಾಗದದ ಮೇಲೇ ಮುಗಿಸಬಹುದು.

ಹಳೇ ಡಬ್ಬ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ಟೆಕ್ನಿಕ್ ಶುರುವಾದದ್ದು 1977ರಲ್ಲಿ. ಮೊದಲ ಸೆಟ್‌ಗಳಲ್ಲೇ ಒಂದು ಕಾರಿನ ಚಾಸಿ ಇತ್ತು, ಸ್ಟೇರಿಂಗ್ ತಿರುಗುತ್ತಿತ್ತು, ಪಿಸ್ಟನ್ ಆಡುತ್ತಿತ್ತು. ಆಗಿನ ಬೀಮುಗಳ ಮೇಲೆ ಲೆಗೊ ಇಟ್ಟಿಗೆಯ ಥರ ಗುಬ್ಬಿಗಳಿವೆ, ಅಂದರೆ ದುಂಡನೆಯ ಉಬ್ಬುಗಳು. ಗುಬ್ಬಿ ಬಿಟ್ಟು ಬೀಮಿನ ಎತ್ತರ 9.6 ಮಿಲಿಮೀಟರ್, ತೂತಿನ ಅಂತರ ಮಾತ್ರ 8. ಒಂದರ ಮೇಲೊಂದು ಇಟ್ಟರೆ ಗೇರು ಕೂರುವುದಿಲ್ಲ. ನಡುವೆ 3.2 ಮಿಲಿಮೀಟರಿನ ಎರಡು ತೆಳು ಪ್ಲೇಟು ಹಾಕಿದರೆ ಒಟ್ಟು 16 ಆಗಿ ಎಲ್ಲ ಸರಿಹೋಗುತ್ತದೆ. ಗುಬ್ಬಿ ಇಲ್ಲದ ಈಗಿನ ಬೀಮುಗಳಿಗೆ ಈ ತಲೆನೋವಿಲ್ಲ, ಎಲ್ಲ ದಿಕ್ಕಿಗೂ ಎಂಟೇ.

ಲೆಗೊದಲ್ಲಿ ಡಬ್ಬಿ ಎತ್ತಲು ಹಾಕಿದ್ದು ವರ್ಮ್ ಗೇರು (ಸ್ಕ್ರೂ ಥರ ಸುತ್ತಿಕೊಂಡ ಹಲ್ಲಿನದು), ಅದಕ್ಕೆ 24 ಹಲ್ಲಿನ ಗೇರು. ವರ್ಮ್ 24 ಸುತ್ತು ತಿರುಗಿದರೆ ಗೇರು ಒಂದು ಸುತ್ತು. ನಿಧಾನ ನಿಜ, ಆದರೆ ಕೈಬಿಟ್ಟರೆ ಡಬ್ಬಿ ಎತ್ತಿದಲ್ಲೇ ನಿಲ್ಲುತ್ತದೆ. ಗೇರು ವರ್ಮನ್ನು ತಿರುಗಿಸಲಾರದು. ಮೊದಲು ಮಂಡಕ್ಕಿ ತುಂಬಿ ಎತ್ತಿದೆವು, ಅಳಿಯ ಚಪ್ಪಾಳೆ ಹೊಡೆದ. ಮಂಡಕ್ಕಿ ಎತ್ತಿದ್ದು ಲೆಕ್ಕಕ್ಕಿಲ್ಲ ಅಂತ ಕಾಲು ಕೆಜಿ ತೊಗರಿಬೇಳೆ ಹಾಕಿದೆ. ಆಗ ವರ್ಮ್ ತನ್ನನ್ನು ತಾನೇ ಪಕ್ಕಕ್ಕೆ ದೂಡಿಕೊಂಡು ಗೇರು ಬಿಟ್ಟುಕೊಟ್ಟಿತು. ವರ್ಮ್ ಇರುವಲ್ಲಿ ಇದು ಸಹಜ. ಎರಡೂ ಪಕ್ಕ ಬುಷ್ ಹಾಕಿ, ಸುತ್ತ ಚೌಕಟ್ಟು ಕಟ್ಟಿದ ಮೇಲೆ ಬೇಳೆ ಸಮೇತ ಎದ್ದಿತು. ನಕಲು ಗಾಡಿಯಲ್ಲಿ ಇದೇ ಭಾರಕ್ಕೆ ಚೌಕಟ್ಟೇ ಬಾಯಿಬಿಟ್ಟು ಗೇರು ಕಟಕಟ ಅಂದಿತ್ತು.

ಇನ್ನು ಚಿಲ್ಲರೆ ವಿಷಯ. ಟಯರ್ ಹಿಡಿತದಲ್ಲಿ ನಕಲು ಮತ್ತು ಲೆಗೊ ನಡುವೆ ನನಗೆ ವ್ಯತ್ಯಾಸ ಕಾಣಲಿಲ್ಲ. ಮೋಟರ್ ನಾನು ಹಾಕಿಲ್ಲ. ಬೆರಳಲ್ಲಿ ತಳ್ಳಿದರೆ ಓಡದ ಗಾಡಿಗೆ ಮೋಟರ್ ಹಾಕಿದರೆ ಒಳಗಿನ ಹುಳುಕು ಮುಚ್ಚಿಹೋಗುತ್ತದೆ, ಆಮೇಲೆ ಗೇರು ಸವೆಯುತ್ತದೆ. ಕಂಪ್ಯೂಟರಿನಲ್ಲಿ ಡಿಸೈನ್ ಮಾಡುವವರಿಗೆ ಎಲ್‌ಡ್ರಾ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ 1995ರಿಂದ ಇದೆ. ಯಾವ ಪೀಸು ಬೇಕು ಅಂತ ಅದರಲ್ಲೇ ಲೆಕ್ಕ ಹಾಕಿ ಆಮೇಲೆ ದುಡ್ಡು ಬಿಚ್ಚಬಹುದು. ಆಟಿಕೆಗೆ ಐಎಸ್‌ಐ ಗುರುತು 2021ರ ಜನವರಿಯಿಂದ ಕಡ್ಡಾಯ, ನಕಲು ಕೊಳ್ಳುವವರು ಡಬ್ಬ ತಿರುಗಿಸಿ ಅದನ್ನು ನೋಡಿ.

ದುಡ್ಡಿನ ಮಾತಿಗೆ ಬಂದರೆ ಹೊಸ ಟೆಕ್ನಿಕ್ ಪೆಟ್ಟಿಗೆ ನನ್ನ ಕೈಗೆ ಎಟುಕಲ್ಲ. ಆಮದು ಆಟಿಕೆಯ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹೋಯಿತು, 2023ರಲ್ಲಿ ಶೇ. 70 ಆಯಿತು. ಅದಕ್ಕೇ ನನ್ನದು ಬೆರಕೆ ಗಾಡಿ. ಗೇರು, ಆಕ್ಸಲ್, ಪಿನ್ನು, ಉದ್ದ ಬೀಮು ಲೆಗೊ. ಚಿಕ್ಕ ಬೀಮು, ಕ್ಯಾಬಿನ್ ಗೋಡೆ, ಡಬ್ಬಿಯ ತಗಡಿನಂಥ ಭಾಗ ನಕಲು. ತಿರುಗುವುದು ಅಸಲಿ ಇದ್ದರೆ ಸಾಕು, ಸುಮ್ನೆ ನಿಂತಿರುವುದು ಯಾವುದಾದರೂ ನಡೆಯುತ್ತದೆ. ಹೊಸ ಪೆಟ್ಟಿಗೆ ಕೊಳ್ಳುವ ಶಕ್ತಿ ಇದ್ದವರಿಗೆ ಈ ಬೆರಕೆ ರಗಳೆ ಬೇಕಿಲ್ಲ. ಮಕ್ಕಳಿಗೆ ಸ್ಪ್ಯಾನರ್ ಹಿಡಿಯೋದು ಕಲಿಸಬೇಕು, ಗೇರ್‌ಬಾಕ್ಸ್ ಬೇಡ ಅನ್ನುವವರು ಕಬ್ಬಿಣದ ಸೆಟ್ಟನ್ನೇ ತನ್ನಿ. ಭಾವ ಈಗಲೂ ಅದನ್ನೇ ಹೇಳುತ್ತಾರೆ.

ಮುಂದಿನದು ಟ್ರೇಲರ್ ಸಮೇತ ಟ್ರ್ಯಾಕ್ಟರ್ ಅಂತ ಅಳಿಯ ಆರ್ಡರ್ ಕೊಟ್ಟಿದ್ದಾನೆ. ಮುಂದಿನ ಆಕ್ಸಲ್ ಹಳ್ಳ ದಿಣ್ಣೆಗೆ ತಕ್ಕಂತೆ ಓಲಾಡಬೇಕು, ಅದಕ್ಕೆ ನುಣುಪು ಪಿನ್ನು ಇನ್ನೊಂದಿಷ್ಟು ಬೇಕು. ಹಿಂದಿನ ದೊಡ್ಡ ಟಯರ್ ಎರಡನ್ನು ಮಾತ್ರ ನಕಲಿನದೇ ತರಿಸುತ್ತೇನೆ.