ಪ್ಯಾಕೇಜಿನ 20 ಮಿ.ಮೀ., ಬೋರ್ಡಿನ 250 ಮಿ.ಮೀ.: ಸಿಗ್ನಲ್ ಕೆಡುವುದೆಲ್ಲಿ?

ಕಂಪ್ಯೂಟರಿನೊಳಗೆ ಚಿಪ್ಪುಗಳನ್ನು ಬೆಸೆಯುವ ಪಿಸಿಐಇ 5.0 ಲಿಂಕ್ ಒಂದನ್ನೇ ಹಿಡಿದುಕೊಳ್ಳೋಣ. ಸೆಕೆಂಡಿಗೆ 32 ಗಿಗಾಟ್ರಾನ್ಸ್‌ಫರ್, ನೈಕ್ವಿಸ್ಟ್ (ಬಿಟ್ ವೇಗದ ಅರ್ಧದಷ್ಟು ಫ್ರೀಕ್ವೆನ್ಸಿ) 16 ಗಿಗಾಹರ್ಟ್ಸ್, ಒಂದು ಬಿಟ್ಟಿಗೆ 31.25 ಪಿಕೊಸೆಕೆಂಡ್. ಈ ಚಿಪ್ಪಿನಿಂದ ಆ ಚಿಪ್ಪಿಗೆ ಒಟ್ಟು 36 ಡೆಸಿಬೆಲ್ ನಷ್ಟಕ್ಕೆ ಅವಕಾಶ. ಪ್ಯಾಕೇಜಿನೊಳಗೆ (ಚಿಪ್ಪನ್ನು ಹೊತ್ತು ಬೋರ್ಡಿನ ಮೇಲೆ ಕೂರುವ ಪದರಪದರದ ಪುಟ್ಟ ತಟ್ಟೆ) 20 ಮಿ.ಮೀ. ಓಟ, ಬೋರ್ಡಿನ ಮೇಲೆ 250 ಮಿ.ಮೀ. ಎನ್ನಿ. ಬೋರ್ಡೇ ಹನ್ನೆರಡು ಪಟ್ಟು ಉದ್ದ, ತಲೆನೋವೂ ಅಲ್ಲೇ ಇರಬೇಕು ಎಂದುಕೊಂಡು ಸಿಮ್ಯುಲೇಷನ್ನಿಗೆ ಪ್ಯಾಕೇಜಿನ ಮಾಡೆಲ್ ಹೇಗೆ ಬಂತೋ ಹಾಗೇ ಅಂಟಿಸಿ ಕೈತೊಳೆದುಕೊಳ್ಳುವವರೇ ಹೆಚ್ಚು. ಅದೇ ಚಾನೆಲ್ಲನ್ನು (ಸಿಗ್ನಲ್ಲಿನ ಪೂರ್ತಿ ದಾರಿಯನ್ನು) ಎರಡೂ ಕಡೆ ಬಿಡಿಸಿ ನೋಡಿದರೆ ಲೆಕ್ಕ ಹಾಗಿಲ್ಲ.

ಮೊದಲು ನಷ್ಟ. ಸಾಮಾನ್ಯ ಬೋರ್ಡ್ ಮೆಟೀರಿಯಲ್ ಎಫ್‌ಆರ್4ನ ಡಿಕೆ (ಡೈಎಲೆಕ್ಟ್ರಿಕ್ ಸ್ಥಿರಾಂಕ) ಸುಮಾರು 4.3, ಡಿಎಫ್ (ಸಿಗ್ನಲ್ಲನ್ನು ಎಷ್ಟು ನುಂಗುತ್ತದೆ ಎಂಬುದರ ಅಳತೆ) 0.02. ಇಷ್ಟಿದ್ದರೆ 16 ಗಿಗಾಹರ್ಟ್ಸ್‌ನಲ್ಲಿ ಡೈಎಲೆಕ್ಟ್ರಿಕ್ (ತಾಮ್ರದ ಸುತ್ತಲಿನ ನಿರೋಧಕ) ಒಂದೇ ಮಿ.ಮೀ.ಗೆ 0.06 ಡೆಸಿಬೆಲ್ ನುಂಗುತ್ತದೆ, 250 ಮಿ.ಮೀ.ಗೆ 15. ಡಿಎಫ್ 0.004 ಇರುವ ಲೋ-ಲಾಸ್ ಲ್ಯಾಮಿನೇಟ್ ಹಾಕಿದರೆ ಅದೇ ದಾರಿಗೆ 3 ಡೆಸಿಬೆಲ್ಲೂ ಆಗುವುದಿಲ್ಲ. ಹಾಗಾಗಿ ಬೋರ್ಡಿನಲ್ಲಿ ದುಡ್ಡು ಸುರಿಯುವುದಾದರೆ ಮೆಟೀರಿಯಲ್ಲಿಗೇ ಸುರಿಯಬೇಕು. ಪ್ಯಾಕೇಜಿನ ನಡುವಿನ ಕೋರ್ ಮೇಲೆ ಒಂದೊಂದಾಗಿ ಏರಿಸುವ ಬಿಲ್ಡ್-ಅಪ್ ಪದರಕ್ಕೆ ಹಾಕುವುದು ಎಬಿಎಫ್ ಫಿಲ್ಮ್ (ಗೋಬಿ ಮಂಚೂರಿಗೆ ಬೀಳುವ ಟೇಸ್ಟಿಂಗ್ ಪೌಡರಿನ ಅದೇ ಅಜಿನೊಮೊಟೊ ಬಳಗದ ಸರಕು). ಹಳೆಯ ದರ್ಜೆಯ ಫಿಲ್ಮಿಗೆ ಡಿಎಫ್ 0.017 ಹಿಡಿದರೂ 20 ಮಿ.ಮೀ.ಗೆ ಡೈಎಲೆಕ್ಟ್ರಿಕ್ ನಷ್ಟ 0.9 ಡೆಸಿಬೆಲ್ ದಾಟದು. ಅಲ್ಲಿ ಕಾಡುವುದು ತಾಮ್ರ. 15 ಮೈಕ್ರಾನ್ ಅಗಲ, 15 ಮೈಕ್ರಾನ್ ದಪ್ಪದ ಗೆರೆಗೆ 20 ಮಿ.ಮೀ.ನಲ್ಲೇ 1.5 ಓಮ್ ಡಿಸಿ ರೆಸಿಸ್ಟೆನ್ಸ್. 125 ಮೈಕ್ರಾನ್ ಅಗಲ, 17 ಮೈಕ್ರಾನ್ ದಪ್ಪದ ಬೋರ್ಡ್ ಟ್ರೇಸು ಅಷ್ಟನ್ನು ಕೂಡಿಸಲು ಸುಮಾರು 190 ಮಿ.ಮೀ. ಓಡಬೇಕು. ಚಿಪ್ಪಿನಡಿಯ ಬಂಪ್‌ಗಳ (ಸಣ್ಣ ಬೆಸುಗೆ ಉಬ್ಬುಗಳ) ಇಕ್ಕಟ್ಟಿನಿಂದ ಹೊರಬಿದ್ದ ಮೇಲೆ ಗೆರೆಯನ್ನು 25–30 ಮೈಕ್ರಾನಿಗೆ ಅಗಲಿಸಿ, ಇಂಪಿಡೆನ್ಸ್ ಬೀಳದಂತೆ ಪಕ್ಕದ ಪದರದ ಪ್ಲೇನ್ (ಅಗಲವಾದ ತಾಮ್ರದ ಹಾಳೆ) ಕತ್ತರಿಸಿ ಅದರಾಚೆಯ ಪ್ಲೇನನ್ನು ರೆಫರೆನ್ಸ್ (ಕರೆಂಟ್ ಮರಳುವ ದಾರಿ) ಮಾಡಿಕೊಂಡರೆ ಸಿಗುವ ಲಾಭ, ದುಬಾರಿ ಫಿಲ್ಮಿನಿಂದ ಈ ಉದ್ದಕ್ಕೆ ಸಿಗುವುದಿಲ್ಲ. ಒಂದು ಪದರ ಹೋಗುತ್ತದೆ, ನಿಜ.

ತಾಮ್ರದ ಒರಟುತನ ಎರಡೂ ಕಡೆ ಕಾಡುತ್ತದೆ. 16 ಗಿಗಾಹರ್ಟ್ಸ್‌ನಲ್ಲಿ ಸ್ಕಿನ್ ಡೆಪ್ತ್ (ಕರೆಂಟ್ ಹರಿಯುವ ಮೇಲ್ಪದರದ ಆಳ) ಅರ್ಧ ಮೈಕ್ರಾನ್ ಮಾತ್ರ. ಮೇಲ್ಮೈಯ ಹಲ್ಲುಗಳೇ ಅದಕ್ಕಿಂತ ಎತ್ತರ. ಒರಟುತನದಿಂದ ಹೆಚ್ಚುವ ನಷ್ಟ ಹೇಳುವ ಹ್ಯಾಮರ್‌ಸ್ಟಾಡ್ ಸೂತ್ರ ಎರಡು ಪಟ್ಟಿಗೆ ನಿಂತುಬಿಡುತ್ತದೆ, ಈ ವೇಗಕ್ಕೆ ಹ್ಯೂರೆ ಮಾಡೆಲ್ ಹಾಕಿ.

ಓಟ ಬಿಟ್ಟು ಮೇಲೆ-ಕೆಳಗೆ ಇಳಿಯುವ ದಾರಿಗೆ ಬಂದಾಗಲೇ ನಿಜವಾದ ವ್ಯತ್ಯಾಸ. ಬೋರ್ಡಿನಲ್ಲಿ ದೊಡ್ಡ ಕಳ್ಳ ವಯಾ ಸ್ಟಬ್, ಅಂದರೆ ಪದರಗಳನ್ನು ಬೆಸೆಯುವ ತಾಮ್ರ ಲೇಪಿತ ತೂತಿನ (ವಯಾ) ಬಳಕೆಯಾಗದ ತುದಿ. ಮೇಲಿನ ಪದರಗಳಲ್ಲೇ ಸಿಗ್ನಲ್ ಹೊರಬಿದ್ದು, ಕೆಳಗೆ 2 ಮಿ.ಮೀ. ಬ್ಯಾರೆಲ್ ನೇತಾಡುತ್ತಿದ್ದರೆ, ಡಿಕೆ 4ಕ್ಕೆ ಕಾಲು ಅಲೆಯ ಅನುರಣನ 18.75 ಗಿಗಾಹರ್ಟ್ಸ್‌ಗೆ ಬೀಳುತ್ತದೆ. ಪ್ಯಾಡ್ ಮತ್ತು ಪ್ಲೇನ್‌ಗಳ ಕೆಪಾಸಿಟೆನ್ಸ್ ಸೇರಿದರೆ ಇನ್ನೂ ಕೆಳಗೆ, ಅಂದರೆ ನೈಕ್ವಿಸ್ಟಿನ ನೆತ್ತಿಯ ಮೇಲೇ. ಬ್ಯಾಕ್‌ಡ್ರಿಲ್ ಮಾಡಿ (ಆ ತುದಿಯನ್ನು ಕೆಳಗಿನಿಂದ ಕೊರೆದು ತೆಗೆದು) 0.25 ಮಿ.ಮೀ. ಉಳಿಸಿದರೆ ಅದರ ಕಾಟ ಮುಗಿಯಿತು. ಬಿಲ್ಡ್-ಅಪ್ ಪ್ಯಾಕೇಜಿನಲ್ಲಿ ಲೇಸರ್ ಮೈಕ್ರೊವಯಾ ಒಂದು ಪದರದಿಂದ ಪಕ್ಕದ ಪದರಕ್ಕಷ್ಟೇ ಹೋಗುವುದರಿಂದ ಸ್ಟಬ್ ಹುಟ್ಟುವುದಿಲ್ಲ. ಆದರೆ ಚಿಪ್ಪನ್ನು ಸಣ್ಣ ತಂತಿಗಳಿಂದ ಜೋಡಿಸುವ ವೈರ್‌ಬಾಂಡ್ ಪ್ಯಾಕೇಜಿನಲ್ಲಿ ಚಿನ್ನದ ಲೇಪಕ್ಕೆಂದು ಅಂಚಿನವರೆಗೆ ಎಳೆದು ಹಾಗೇ ಬಿಟ್ಟ ಪ್ಲೇಟಿಂಗ್ ಬಾಲಗಳಿರುತ್ತವೆ, 5 ಮಿ.ಮೀ. ಬಾಲ 7.5 ಗಿಗಾಹರ್ಟ್ಸ್‌ನಲ್ಲೇ ಗುಂಡಿ ತೋಡುತ್ತದೆ.

ಪ್ಯಾಕೇಜಿನ ಅಸಲಿ ಸಮಸ್ಯೆ, ಬೋರ್ಡಿಗೆ ಬೆಸೆಯುವ ಬೆಸುಗೆ ಉಂಡೆ (ಬಾಲ್) ಕೂರುವ ತಳದ ಬಿಜಿಎ ಪ್ಯಾಡ್. ಅರ್ಧ ಮಿ.ಮೀ. ವ್ಯಾಸದ ಪ್ಯಾಡು, 30 ಮೈಕ್ರಾನ್ ಮೇಲೆ ಗ್ರೌಂಡ್ ಪ್ಲೇನು, ನಡುವೆ ಡಿಕೆ 3.3ರ ಫಿಲ್ಮ್. ಸಮಾಂತರ ತಟ್ಟೆಗಳ ಲೆಕ್ಕ ಹಾಕಿದರೆ 0.19 ಪಿಕೊಫ್ಯಾರಡ್. 16 ಗಿಗಾಹರ್ಟ್ಸ್‌ನಲ್ಲಿ ಅದು 52 ಓಮ್, ಎಂದರೆ 50 ಓಮ್ ಗೆರೆಗೆ ಅಡ್ಡಲಾಗಿ ಇನ್ನೊಂದು 52 ಓಮ್ ಕಟ್ಟಿದ ಹಾಗೆ. ಬೋರ್ಡಿನ ಕಡೆಯ 0.45 ಮಿ.ಮೀ. ಪ್ಯಾಡಿಗೆ 100 ಮೈಕ್ರಾನ್ ಕೆಳಗೆ ಪ್ಲೇನ್ ಇದ್ದರೆ 0.06 ಪಿಕೊಫ್ಯಾರಡ್ ಕೂಡ ಇಲ್ಲ. ಪ್ಯಾಕೇಜಿನಲ್ಲಿ ಪ್ಯಾಡಿನ ಮೇಲಿನ ಪ್ಲೇನ್‌ಗಳನ್ನು ಕೋರ್‌ವರೆಗೂ ಕತ್ತರಿಸುವುದು ಇದಕ್ಕೇ. ಕತ್ತರಿಸುವಾಗ ಪಕ್ಕದ ಗ್ರೌಂಡ್ ವಯಾಗಳ ಸಂಪರ್ಕ ತಪ್ಪಿಸಿಬಿಟ್ಟರೆ ರಿಟರ್ನ್ ಕರೆಂಟ್ ಸುತ್ತುಹಾಕಿ ಪಕ್ಕದ ಸಿಗ್ನಲ್ ಜೋಡಿಗೆ ಕ್ರಾಸ್‌ಟಾಕ್ (ಒಂದರಿಂದ ಇನ್ನೊಂದಕ್ಕೆ ಸೋರುವ ಸಿಗ್ನಲ್) ಹಂಚುತ್ತದೆ. ಇದು ಇನ್ಸರ್ಷನ್ ಲಾಸ್ (ದಾರಿ ದಾಟುವಾಗಿನ ನಷ್ಟ) ಗ್ರಾಫಿನಲ್ಲಿ ಕಾಣುವುದಿಲ್ಲ, ನೆರೆಯ ಜೋಡಿಗಳನ್ನೂ ಮಾಡೆಲ್ಲಿಗೆ ಸೇರಿಸಿದಾಗಲೇ ಕಾಣುವುದು.

ಟೂಲ್ ಆಯ್ಕೆಯೂ ಇದರ ಮೇಲೆಯೇ ನಿಲ್ಲುತ್ತದೆ. ಎಸ್‌ಐವೇವ್, ಪವರ್‌ಎಸ್‌ಐನಂಥ ಹೈಬ್ರಿಡ್ ಸಾಲ್ವರ್‌ಗಳು (ಸಿಗ್ನಲ್ಲಿನ ಲೆಕ್ಕ ಹಾಕುವ ಸಾಫ್ಟ್‌ವೇರ್) ಅಗಲವಾದ ಪ್ಲೇನ್‌ಗಳ ನಡುವೆ ಟ್ರೇಸ್ ಓಡುತ್ತಿದೆ ಎಂದು ನಂಬಿ ಲೆಕ್ಕ ಹಾಕುತ್ತವೆ. ಬೋರ್ಡಿಗೆ ಆ ನಂಬಿಕೆ ಬಹುಪಾಲು ಸರಿ, ವೇಗವೂ ಸಿಗುತ್ತದೆ. ಪ್ಯಾಕೇಜಿನಲ್ಲಿ ಅನಿಲ ಹೊರಹೋಗಲೆಂದು ಪ್ಲೇನ್ ತುಂಬ ತೂತು, ಎಲ್ಲೆಡೆ ಕತ್ತರಿಸಿದ ಕಿಟಕಿಗಳು, ನಡುವೆ ದಪ್ಪ ಕೋರ್. ಅಲ್ಲಿ ಎಚ್‌ಎಫ್‌ಎಸ್‌ಎಸ್ ಅಥವಾ ಕ್ಲಾರಿಟಿಯಂಥ ಪೂರ್ಣ 3ಡಿ ಸಾಲ್ವರ್ ಬಿಟ್ಟರೆ ದಾರಿಯಿಲ್ಲ. ಪವರ್ ಜಾಲ ಮತ್ತು ನಿಧಾನದ ಸಿಗ್ನಲ್ಲುಗಳಿಗೆ ಪ್ಯಾಕೇಜಿನಲ್ಲೂ ಹೈಬ್ರಿಡ್ ಸಾಕು.

ಎರಡೂ ಮಾಡೆಲ್ ಅಚ್ಚುಕಟ್ಟಾಗಿದ್ದರೂ ಜೋಡಿಸಿದ ಮೇಲೆ ಫಲಿತಾಂಶ ತಪ್ಪುವುದುಂಟು. ಪ್ಯಾಕೇಜಿನವರು ಬಾಲ್‌ನ ತಳಕ್ಕೆ ಪೋರ್ಟ್ (ಮಾಡೆಲ್ಲಿಗೆ ಸಿಗ್ನಲ್ ಹೋಗಿಬರುವ ಬಿಂದು) ಇಟ್ಟು ಮುಗಿಸುತ್ತಾರೆ, ಬೋರ್ಡಿನವರು ಪ್ಯಾಡಿನ ಮೇಲೆ ಪೋರ್ಟ್ ಇಟ್ಟು ಶುರುಮಾಡುತ್ತಾರೆ. ಬಾಲ್ ಮತ್ತು ಬೋರ್ಡಿನ ಮೊದಲ ಪ್ಲೇನಿನ ನಡುವಿನ ಕ್ಷೇತ್ರ ಇಬ್ಬರ ಲೆಕ್ಕಕ್ಕೂ ಸಿಗುವುದಿಲ್ಲ. ಕೆಲವೊಮ್ಮೆ ಅದೇ ಪ್ಯಾಡ್ ಎರಡು ಸಲ ಎಣಿಕೆಯಾಗುತ್ತದೆ. ಒಂದೇ ಕಂಪನಿಯಲ್ಲೂ ಪ್ಯಾಕೇಜ್ ಟೀಮು, ಬೋರ್ಡ್ ಟೀಮು ಬೇರೆ ಬೇರೆ ಮಹಡಿಯಲ್ಲಿ ಕೂತಿದ್ದರೆ ಈ ಸಂದು ಯಾರದ್ದೂ ಅಲ್ಲದ್ದಾಗಿಬಿಡುತ್ತದೆ. ಸರಿಯಾದ ಕ್ರಮ ಹೀಗೆ: ಪ್ಯಾಕೇಜಿನ ಕೋರ್ ವಯಾದಿಂದ ಹಿಡಿದು ಬಾಲ್, ಬೋರ್ಡ್ ವಯಾ, ಅಲ್ಲಿಂದ 2–3 ಮಿ.ಮೀ. ಟ್ರೇಸ್‌ವರೆಗೆ ಒಂದೇ 3ಡಿ ಮಾಡೆಲ್. ಎರಡೂ ತುದಿಯನ್ನು ಗೆರೆ ಒಂದೇ ಅಗಲದಲ್ಲಿ ನೆಟ್ಟಗೆ ಓಡುವ ಕಡೆ ಮಾತ್ರ ಕತ್ತರಿಸಿ. ಸುತ್ತಲಿನ ಗ್ರೌಂಡ್ ಬಾಲ್‌ಗಳು, ಅಕ್ಕಪಕ್ಕದ ಜೋಡಿಗಳು ಒಳಗಿರಲಿ. ಡೆಲ್ಟಾ-ಎಸ್ (ಸಾಲ್ವರ್ ಲೆಕ್ಕ ನಿಲ್ಲಿಸುವ ಮಿತಿ) 0.01 ಇಟ್ಟು, ಫ್ರೀಕ್ವೆನ್ಸಿ ಸ್ವೀಪನ್ನು 40 ಗಿಗಾಹರ್ಟ್ಸ್‌ವರೆಗೆ ಒಯ್ಯಿರಿ. ಬಂಪ್ ಕಡೆಯ ಪೋರ್ಟಿಗೆ ರೆಫರೆನ್ಸ್ ಆಗಿ ಹತ್ತಿರದ ಗ್ರೌಂಡ್ ಬಂಪ್‌ಗಳಷ್ಟೇ ಇರಲಿ. ಎಲ್ಲ ಗ್ರೌಂಡ್ ಬಂಪ್‌ಗಳನ್ನೂ ಒಂದೇ ಗಂಟು ಹಾಕಿದರೆ ರಿಟರ್ನ್ ಇಂಡಕ್ಟೆನ್ಸ್ ಮಾಯವಾಗಿ, ಕ್ರಾಸ್‌ಟಾಕ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ.

ಟಚ್‌ಸ್ಟೋನ್ ಫೈಲುಗಳನ್ನು (ಮಾಡೆಲ್ಲುಗಳ ಫಲಿತಾಂಶ ತುಂಬಿದ ಫೈಲುಗಳು) ಸರಪಳಿ ಕಟ್ಟುವ ಮೊದಲು ಪೋರ್ಟ್ ಕ್ರಮ ನೋಡಿ. ಒಂದು ಫೈಲಿನಲ್ಲಿ 1ರಿಂದ 2ಕ್ಕೆ, ಇನ್ನೊಂದರಲ್ಲಿ 1ರಿಂದ 3ಕ್ಕೆ ಎಂದಿರುವುದು ದಿನಾ ಕಾಣುವ ಎಡವಟ್ಟು. ಅತಿ ಕಡಿಮೆ ಫ್ರೀಕ್ವೆನ್ಸಿಯಲ್ಲಿ ಇನ್ಸರ್ಷನ್ ಲಾಸ್ ಸೊನ್ನೆಯ ಹತ್ತಿರ ಇರಲೇಬೇಕು, ಇಲ್ಲದಿದ್ದರೆ ಕ್ರಮ ತಪ್ಪಿದೆ. ಡಿಸಿ ಬಿಂದು ಇಲ್ಲದೆ 50 ಮೆಗಾಹರ್ಟ್ಸ್‌ನಿಂದ ಶುರುವಾಗುವ ಫೈಲ್ ಕೊಟ್ಟರೆ ಸಿಮ್ಯುಲೇಟರ್ ತಾನೇ ಊಹಿಸಿಕೊಂಡು ಐ ಡಯಾಗ್ರಾಮನ್ನು (ಬಿಟ್ಟುಗಳನ್ನು ಒಂದರ ಮೇಲೊಂದು ಹೇರಿ ತೋರಿಸುವ ಚಿತ್ರ) ಮೇಲಕ್ಕೋ ಕೆಳಕ್ಕೋ ಸರಿಸುತ್ತದೆ.

ಮೆಮೊರಿಯ ಲಿಂಕ್ ಆದ ಡಿಡಿಆರ್‌ನಲ್ಲಿ ಮಾತು ಬೇರೆ, ಅಲ್ಲಿ ನಷ್ಟಕ್ಕಿಂತ ಸಮಯ ಮುಖ್ಯ. ಉದ್ದವನ್ನು ಮಿ.ಮೀ.ನಲ್ಲಿ ಸರಿದೂಗಿಸಬೇಡಿ. ಡಿಕೆ 3.3ರ ಪ್ಯಾಕೇಜಿನ 10 ಮಿ.ಮೀ. 60.6 ಪಿಕೊಸೆಕೆಂಡ್, ಡಿಕೆ 4.2ರ ಬೋರ್ಡಿನ 10 ಮಿ.ಮೀ. 68.3. ಡಿಡಿಆರ್5-6400ರಲ್ಲಿ ಒಂದು ಬಿಟ್ಟೇ 156 ಪಿಕೊಸೆಕೆಂಡ್. ಪ್ಯಾಕೇಜಿನೊಳಗಿನ 5 ಮಿ.ಮೀ. ವ್ಯತ್ಯಾಸ ಮರೆತರೆ ಅದರ ಐದನೇ ಒಂದು ಭಾಗ ಹೋಯಿತು. ಪಿನ್ ಡಿಲೇ ಪಟ್ಟಿಯನ್ನು (ಪ್ಯಾಕೇಜಿನೊಳಗೆ ಪ್ರತಿ ಪಿನ್ನಿನ ವಿಳಂಬ) ಲೇಔಟ್ ಟೂಲಿಗೆ ಪಿಕೊಸೆಕೆಂಡಿನಲ್ಲೇ ಹಾಕಿ.

ಅಳೆದು ನೋಡುವ ವಿಷಯದಲ್ಲಿ ಬೋರ್ಡ್ ಉದಾರಿ. ಕನೆಕ್ಟರ್ ಇರುವ ಟೆಸ್ಟ್ ಕೂಪನ್, ಜೊತೆಗೊಂದು 2ಎಕ್ಸ್-ಥ್ರೂ (ಎರಡು ಕನೆಕ್ಟರ್‌ಗಳನ್ನು ನೇರ ಜೋಡಿಸಿದ ಗೆರೆ), ಐಇಇಇ 370 ಮಾನದಂಡದ ಪ್ರಕಾರ ಡಿ-ಎಂಬೆಡ್ ಮಾಡಿದರೆ (ಕನೆಕ್ಟರಿನ ಪ್ರಭಾವ ಕಳೆದರೆ) ಸಿಮ್ಯುಲೇಷನ್ನಿಗೆ ತಾಳೆ ಹಾಕಬಹುದು. ತಾಳೆಯಾಗದಿದ್ದರೆ ಮೊದಲು ಬೋರ್ಡನ್ನು ಕೊಯ್ದು ನಿಜವಾದ ಟ್ರೇಸ್ ಅಗಲ, ಡೈಎಲೆಕ್ಟ್ರಿಕ್ ದಪ್ಪ ಅಳೆಯಿರಿ, ಡಿಕೆ ತಿದ್ದುವುದು ಆಮೇಲೆ. ಪ್ಯಾಕೇಜಿಗೆ ಈ ಸುಖವಿಲ್ಲ. 20 ಪಿಕೊಸೆಕೆಂಡ್ ಏರಿಕೆಯ ಟಿಡಿಆರ್ (ಪಲ್ಸ್ ಕಳಿಸಿ ಪ್ರತಿಫಲನ ನೋಡುವ ಉಪಕರಣ) ಬಿಡಿಸಿ ತೋರಿಸುವುದು ಹೆಚ್ಚುಕಡಿಮೆ 1.5 ಮಿ.ಮೀ.; ಬಂಪ್, ಮೈಕ್ರೊವಯಾ, ಕೋರ್ ವಯಾ, ಪ್ಯಾಡ್ ಎಲ್ಲ ಒಂದೇ ತಗ್ಗಾಗಿ ಕಾಣುತ್ತವೆ. ಡೈ (ಬರಿಯ ಚಿಪ್ಪು) ಕೂರಿಸುವ ಮೊದಲು, ಬರಿಯ ಸಬ್‌ಸ್ಟ್ರೇಟಿನ (ಪ್ಯಾಕೇಜಿನ ತಟ್ಟೆ) ಮೇಲೆ ಬಂಪ್ ಕಡೆಯಿಂದ ಮೈಕ್ರೊಪ್ರೋಬ್ ಇಟ್ಟು ವಿಎನ್‌ಎಯಲ್ಲಿ (ಫ್ರೀಕ್ವೆನ್ಸಿವಾರು ಸಿಗ್ನಲ್ ಅಳೆಯುವ ಉಪಕರಣ) ಅಳೆಯಬೇಕು. ಅದಕ್ಕೆ ಎರಡು ಮೂರು ಖಾಲಿ ಸಬ್‌ಸ್ಟ್ರೇಟ್ ಬೇಕೆಂದು ಅಸೆಂಬ್ಲಿಗೆ ಹೋಗುವ ಮುಂಚೆಯೇ ಆರ್ಡರಿನಲ್ಲಿ ಬರೆಸಿಟ್ಟುಕೊಳ್ಳಿ.